ಗೋಲು ಕಡಿಮೆಯಾದರೆ ದೃಷ್ಟಿ ಬಿದ್ದಂತಲ್ಲ

ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 2017–18ರಲ್ಲಿ ವೇಗಸ್ ಗೋಲ್ಡನ್ ನೈಟ್ಸ್ ತಂಡದ ವಿಲಿಯಂ ಕಾರ್ಲ್‌ಸನ್ 184 ಶಾಟ್‌ಗೆ 43 ಗೋಲು ಹೊಡೆದರು. ಅಂದರೆ ಶೇ 23.4. ಹಿಂದಿನ ಸೀಸನ್‌ನಲ್ಲಿ ಅವರದು 6 ಗೋಲು, ಮುಂದಿನದರಲ್ಲಿ 24. ಯಾರದೇ ಗೋಲು ಹೀಗೆ ಇಳಿದರೂ ‘ದೃಷ್ಟಿ ಬಿತ್ತು’, ‘ಸೊಕ್ಕು ಬಂತು’ ಅನ್ನುವವರು ಇದ್ದೇ ಇರುತ್ತಾರೆ. ಈ ಮಾತು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿದರೆ ಸಾಕು. ಇಡೀ ಪಾತ್ರೆ ಒಂದೇ ಉರಿಯಲ್ಲಿ ಬೆಂದಿರುತ್ತದೆ. ಶಾಟ್‌ಗಳು ಹಾಗಲ್ಲ. ಒಂದು ಪಕ್ (ಹಾಕಿ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಯಾರದೋ ಸ್ಕೇಟ್‌ಗೆ ತಗುಲಿ ಒಳಗೆ ಹೋಗುತ್ತದೆ. ಅದಕ್ಕಿಂತ ಚೆನ್ನಾಗಿ ಹೊಡೆದದ್ದು ಗೋಲ್‌ಕೀಪರನ ಕೈಗವಸಿನ ತುದಿಗೆ ಸಿಕ್ಕಿಬಿಡುತ್ತದೆ. ನಿಜವಾದ ಸಾಮರ್ಥ್ಯ ಶೇ 13 ಇರುವವನಿಗೂ 184 ಶಾಟ್‌ಗಳಲ್ಲಿ ಒಂದು ವರ್ಷ ಶೇ 8, ಇನ್ನೊಂದು ವರ್ಷ ಶೇ 18 ಬರಬಹುದು. ಕೈಚಳಕ ಕೂದಲಷ್ಟೂ ಬದಲಾಗಿರುವುದಿಲ್ಲ!

ಹಾಗಾದರೆ ಅಳೆಯುವುದು ಹೇಗೆ? ಆಟಗಾರನ ಲೆಕ್ಕಕ್ಕೆ ಸಾಧಾರಣ ಆಟಗಾರನ ಒಂದಷ್ಟು ಶಾಟ್ ಬೆರೆಸಬೇಕು. ಮಜ್ಜಿಗೆ ಮಾಡಿದ ಹಾಗೆ. ನೀರು ಯಾವಾಗಲೂ ಒಂದೇ ಚೊಂಬು. ಮೊಸರು ಒಂದೇ ಚಮಚವಿದ್ದರೆ ಬರೀ ನೀರಿನ ರುಚಿ. ಒಂದು ಕೊಡವಿದ್ದರೆ ಆ ನೀರು ಗೊತ್ತೇ ಆಗುವುದಿಲ್ಲ. ಇಲ್ಲಿ ಮೊಸರೆಂದರೆ ಅವನ ಸ್ವಂತ ಶಾಟ್‌ಗಳು. ಲೀಗಿನಲ್ಲಿ ಸುಮಾರು ಹತ್ತು ಶಾಟ್‌ಗೆ ಒಂದು ಗೋಲು. ಉದಾಹರಣೆಗೆ 200 ಶಾಟ್, 20 ಗೋಲು ಬೆರೆಸೋಣ. ಕಾರ್ಲ್‌ಸನ್ ಲೆಕ್ಕ 384ಕ್ಕೆ 63, ಅಂದರೆ ಶೇ 16.4 ಆಗುತ್ತದೆ. ಮರುವರ್ಷ ನಿಜಕ್ಕೂ ಬಂದದ್ದು ಶೇ 14ರ ಆಸುಪಾಸು. ಅದಕ್ಕೆ 23.4ಕ್ಕಿಂತ 16.4 ಎಷ್ಟು ಹತ್ತಿರ, ಅಲ್ವಾ?

ಈ ಯೋಚನೆಗೆ ಬೇಸ್‌ಬಾಲ್‌ನ ಒಂದು ಸೊಗಸಾದ ಕಥೆಯಿದೆ. 1970ರಲ್ಲಿ ಆಟಗಾರ ರಾಬರ್ಟೊ ಕ್ಲೆಮೆಂಟೆ ಬ್ಯಾಟ್ ಮಾಡಿದ ಮೊದಲ 45 ಅವಕಾಶಗಳಲ್ಲಿ 18 ಹಿಟ್ (ಯಶಸ್ವಿ ಹೊಡೆತ) ಹೊಡೆದಿದ್ದರು. ಎಫ್ರಾನ್ ಮತ್ತು ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಅವರನ್ನೂ ಸೇರಿಸಿ 18 ಆಟಗಾರರ ಅಂಕಿಗಳನ್ನು ಹೀಗೆಯೇ ಎಲ್ಲರ ಸರಾಸರಿಯತ್ತ ಎಳೆದರು. ಕ್ಲೆಮೆಂಟೆಯಂಥ ದೈತ್ಯನನ್ನು ಅದು ಜಾಸ್ತಿಯೇ ಕೆಳಗೆಳೆಯಿತು, ನಿಜ. ಆದರೆ ಎಲ್ಲರನ್ನೂ ಒಟ್ಟಿಗೆ ನೋಡಿದರೆ ಉಳಿದ ಸೀಸನ್ನಿನ ಊಹೆ ಬಹಳ ಚೆನ್ನಾಗಿ ಕೂತಿತು.

ಮತ್ತೆ ಐಸ್ ಹಾಕಿಗೆ ಬಂದರೆ, ಎನ್‌ಎಚ್‌ಎಲ್ ಆಟಗಾರ ಅಲೆಕ್ಸ್ ಒವೆಚ್ಕಿನ್ ನೋಡಿ. 2007–08ರಲ್ಲಿ 446 ಶಾಟ್‌ಗೆ 65 ಗೋಲು. 2010–11ರಲ್ಲಿ 367ಕ್ಕೆ ಬರೀ 32. ಅದೇ ಕೈ 2025ರ ಏಪ್ರಿಲ್ 6ರಂದು ವೇಯ್ನ್ ಗ್ರೆಟ್ಸ್‌ಕಿಯ 894 ಗೋಲುಗಳ ದಾಖಲೆ ಮುರಿಯಿತು.