ನಲವತ್ತು ನಿಮಿಷದ ಡ್ರಿಪ್‌ಗೆ ಇಷ್ಟು ಜನ ವೈದ್ಯರು ಏಕೆ?

ಅರಿವಳಿಕೆ ತಜ್ಞನಾಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಕೆಟಮೈನ್ ಬಳಸಿದ್ದೇನೆ. ಸುಟ್ಟಗಾಯದ ಡ್ರೆಸಿಂಗ್ ಬದಲಿಸುವಾಗ, ಬಿ.ಪಿ. ಕುಸಿದ ಅಪಘಾತದ ರೋಗಿಯನ್ನು ತುರ್ತಾಗಿ ಆಪರೇಷನ್‌ಗೆ ಒಯ್ಯುವಾಗ, ಈ ಔಷಧ ಕೈಹಿಡಿದಷ್ಟು ಬೇರೊಂದು ಹಿಡಿದಿಲ್ಲ. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದ, 1970ರಲ್ಲಿ ಅಲ್ಲಿನ ಸರ್ಕಾರದ ಅನುಮತಿ ಪಡೆದ ಕೆಟಮೈನ್, ಉಸಿರಾಟವನ್ನು ಅಷ್ಟಾಗಿ ತಗ್ಗಿಸದೆ ನೋವನ್ನೂ ಎಚ್ಚರವನ್ನೂ ಮರೆಸುತ್ತದೆ. ಹೀಗಿರುವಾಗ ನಮ್ಮ ಆಸ್ಪತ್ರೆಯ ಮನೋವೈದ್ಯೆ ಬಂದು, ಮಾತ್ರೆಗಳಿಗೆ ಬಗ್ಗದ ಖಿನ್ನತೆಯ ರೋಗಿಗಳಿಗೆ ಇದನ್ನು ಕೊಡಲು ಜೊತೆಗೂಡುವಿರಾ ಎಂದು ಕೇಳಿದಾಗ, ಈ ಔಷಧದ ಬಗ್ಗೆ ನಾನು ಹೊಸದಾಗಿ ಕಲಿಯುವುದು ಏನೂ ಇಲ್ಲವೆಂದೇ ಭಾವಿಸಿದ್ದೆ. ಆ ಭಾವನೆ ತಪ್ಪಾಗಿತ್ತು.

ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳ ಫಲ ಕಾಣಲು ವಾರಗಳೇ ಬೇಕು. ಕೆಟಮೈನ್ ಬೇರೆ ದಾರಿ ಹಿಡಿಯುತ್ತದೆ: ಮಿದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕದ ಸಂದೇಶ ಪಡೆಯುವ ಎನ್‌ಎಂಡಿಎ ಗ್ರಾಹಕಗಳನ್ನು ಅದು ತಡೆಯುತ್ತದೆ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಬೆರಳೆಣಿಕೆಯ ರೋಗಿಗಳಲ್ಲಿ, 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ತಂಡ ಮಾತ್ರೆಗಳಿಂದ ಗುಣವಾಗದಿದ್ದವರಲ್ಲಿ ನಡೆಸಿದ ಅಧ್ಯಯನಗಳು, ಒಂದೇ ಡ್ರಿಪ್‌ನಿಂದ ಗಂಟೆಗಳೊಳಗೆ ಮನಸ್ಸಿನ ಭಾರ ಇಳಿಯಬಹುದೆಂದು ತೋರಿಸಿದವು. ಆದರೆ ಒಂದು ಡ್ರಿಪ್‌ನ ಫಲ ಬಹುಮಂದಿಗೆ ಒಂದೆರಡು ವಾರದೊಳಗೆ ಕರಗಿಹೋಗುತ್ತದೆ. ಈ ಎರಡನೆಯ ಸಂಗತಿಯನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳದಿದ್ದರೆ, ಬಂದ ಆಸೆ ಮರಳಿ ಕುಸಿಯುವ ದಿನವೇ ರೋಗಿಗೆ ಅತ್ಯಂತ ಅಪಾಯದ ದಿನವಾಗುತ್ತದೆ.

ಪ್ರಮಾಣವನ್ನು ಹತ್ತಿರದಿಂದ ನೋಡೋಣ. ಅರಿವಳಿಕೆಗೆ ದೇಹದ ತೂಕದ ಕಿಲೋ ಒಂದಕ್ಕೆ ಒಂದರಿಂದ ಎರಡು ಮಿಲಿಗ್ರಾಂ ಕೊಡುತ್ತೇವೆ. ಖಿನ್ನತೆಗೆ ಅರ್ಧ ಮಿಲಿಗ್ರಾಂ ಸಾಕು, ಅದೂ ನಲವತ್ತು ನಿಮಿಷಗಳಲ್ಲಿ ನಿಧಾನವಾಗಿ. ಅರವತ್ತು ಕಿಲೋ ತೂಗುವ ರೋಗಿಗೆ ಮೂವತ್ತು ಮಿಲಿಗ್ರಾಂ, ಅಂದರೆ ಮಿಲಿಗೆ ಐವತ್ತು ಮಿಲಿಗ್ರಾಂ ಔಷಧವಿರುವ ಆಂಪ್ಯೂಲ್‌ನಿಂದ ಎಳೆದುಕೊಳ್ಳುವುದು ಕೇವಲ 0.6 ಮಿಲಿ. ಅದನ್ನು ಸಲೈನ್ ಬೆರೆಸಿ ಐವತ್ತು ಮಿಲಿ ಮಾಡಿ, ಸಿರಿಂಜ್ ಪಂಪ್‌ನಲ್ಲಿ ಗಂಟೆಗೆ 75 ಮಿಲಿ ವೇಗಕ್ಕೆ ಇಡುತ್ತೇವೆ. ಇಷ್ಟರಲ್ಲೇ ಬಿ.ಪಿ. ಏರಬಹುದು, ವಾಂತಿ ಬರಬಹುದು, ತನ್ನ ಮೈ ತನ್ನದಲ್ಲವೆಂಬಂತೆ ರೋಗಿಗೆ ಅನಿಸಬಹುದು. 2019ರಲ್ಲಿ ಅಮೆರಿಕ ಕೆಟಮೈನ್‌ನದೇ ಒಂದು ರೂಪವಾದ ಎಸ್‌ಕೆಟಮೈನ್‌ನ ಮೂಗಿನ ಸ್ಪ್ರೇಗೆ ಅನುಮತಿ ಕೊಟ್ಟಾಗಲೂ, ವೈದ್ಯರ ಸಮ್ಮುಖದಲ್ಲೇ ಬಳಸಬೇಕು, ಬಳಿಕ ಕನಿಷ್ಠ ಎರಡು ಗಂಟೆ ನಿಗಾದಲ್ಲಿರಿಸಬೇಕು ಎಂಬ ಷರತ್ತು ಹಾಕಿತು.

ಯಾರಿಗೆ ಕೊಡಬೇಕೆಂಬುದನ್ನು ನಿರ್ಧರಿಸುವುದು ಮನೋವೈದ್ಯೆ. ಎರಡು ಬಗೆಯ ಮಾತ್ರೆಗಳನ್ನಾದರೂ ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟು ನೋಡಲಾಗಿದೆಯೇ, ಹಿಂದೆ ಎಂದಾದರೂ ಅತಿಯಾದ ಉತ್ಸಾಹದ ಉನ್ಮಾದ ಕಾಣಿಸಿತ್ತೇ, ಇಲ್ಲದ ದನಿ ಕೇಳುವಂಥ ಲಕ್ಷಣಗಳಿವೆಯೇ, ಕುಡಿತ ಅಥವಾ ಮಾದಕ ವಸ್ತುವಿನ ಚಟವಿದೆಯೇ ಎಂಬುದನ್ನು ಅವರು ತಿಳಿಯಬಲ್ಲರು. ಹತ್ತು ನಿಮಿಷ ನೋಡುವ ನಾನು ತಿಳಿಯಲಾರೆ. ಬಿ.ಪಿ., ಹೃದಯ, ಥೈರಾಯ್ಡ್ ನೋಡುವುದು ಫಿಸಿಷಿಯನ್ ಕೆಲಸ. ಈಚೆಗೆ ಕೆಲವರು ಫೋನಿನಲ್ಲಿ ಏನೋ ನೋಡಿಕೊಂಡು ನೇರವಾಗಿ ನನ್ನ ಬಳಿಗೇ ಬಂದು ಕೆಟಮೈನ್ ಹಾಕಿ ಎಂದು ಕೇಳುವುದುಂಟು. ಅವರ ಸಂಕಟ ನಿಜವಾದದ್ದು, ಆದರೂ ಅವರನ್ನು ಮನೋವೈದ್ಯರಲ್ಲಿಗೇ ಕಳಿಸುತ್ತೇನೆ. ನಮ್ಮ ದೇಶದಲ್ಲಿ ಇದು ಶೆಡ್ಯೂಲ್ ಎಕ್ಸ್ ಔಷಧ. ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು, ಆಂಪ್ಯೂಲ್ ಆಂಪ್ಯೂಲಿಗೂ ಲೆಕ್ಕ ಬರೆಯಬೇಕು. ಮೇಲಾಗಿ ಖಿನ್ನತೆಗೆ ಡ್ರಿಪ್ ಮೂಲಕ ಕೊಡುವುದು ಔಷಧದ ಅನುಮತಿಯಲ್ಲಿ ನಮೂದಾಗದ ಬಳಕೆ; ಅದನ್ನು ರೋಗಿಗೆ ಸ್ಪಷ್ಟವಾಗಿ ತಿಳಿಸಿಯೇ ಒಪ್ಪಿಗೆ ಪಡೆಯಬೇಕು.

ನಾನು ಕಲಿತ ಪಾಠ ಮಲೆನಾಡಿನ ಕಡೆಯಿಂದ ಬಂದಿದ್ದ, ಐವತ್ತರ ಆಸುಪಾಸಿನ ಒಬ್ಬ ತಾಯಿಯಿಂದ. ಮೊದಲ ಡ್ರಿಪ್ ನಡೆದಷ್ಟು ಹೊತ್ತೂ ನಾನು ಪಕ್ಕದಲ್ಲೇ ಇದ್ದೆ. ನಾಡಿ 88, ಆಮ್ಲಜನಕ 98, ಬಿ.ಪಿ. ಸ್ವಲ್ಪ ಏರಿ ಇಳಿಯಿತು. ಅವರು ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದರು. ಹಾಳೆಯಲ್ಲಿ ‘ಯಾವುದೇ ತೊಂದರೆಯಿಲ್ಲ’ ಎಂದು ಬರೆದು ಸಹಿ ಹಾಕಿದೆ. ಮರುದಿನ ಮನೋವೈದ್ಯೆ ಮಾತನಾಡಿಸಿದಾಗ ಆಕೆ ಹೇಳಿದ್ದು ಇದು: “ಮಂಚ ಎಲ್ಲಿಗೋ ತೇಲಿ ಹೋಗ್ತಿತ್ತು ಮೇಡಂ, ಸತ್ತೇ ಹೋದೆ ಅಂದ್ಕೊಂಡೆ. ಕೂಗೋಣ ಅಂದ್ರೆ ಬಾಯೇ ಬರ್ಲಿಲ್ಲ.” ಆಗ ನೆನಪಾಯಿತು, ಅವರ ಬಲಗೈ ಮಂಚದ ಸರಳನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿತ್ತು. ನಾನದನ್ನು ನೋಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ನಿದ್ರಿಸುವ ರೋಗಿಯನ್ನು ಕಾಯುವುದು ನನ್ನ ವಿದ್ಯೆ. ಎಚ್ಚರವಿರುವವರ ಭಯ ಯಾವ ಮಾನಿಟರ್‌ನಲ್ಲೂ ಮೂಡುವುದಿಲ್ಲ.

ಅಂದಿನಿಂದ ಕ್ರಮ ಬದಲಾಯಿತು. ಡ್ರಿಪ್‌ನ ಹಿಂದಿನ ದಿನ ಮನಶ್ಶಾಸ್ತ್ರಜ್ಞರು ರೋಗಿಯೊಡನೆ ಕುಳಿತು ಏನೇನು ಅನಿಸಬಹುದೆಂದು ತಿಳಿಸುತ್ತಾರೆ. ದೀಪ ಮಂದವಾಗಿರುತ್ತದೆ, ಮಾನಿಟರ್‌ನ ಸದ್ದು ತಗ್ಗಿಸಿರುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ಸಿಸ್ಟರ್ ರೋಗಿಯ ಹೆಸರು ಹಿಡಿದು ಮಾತನಾಡಿಸಿ, ಅವರು ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆಯುತ್ತಾರೆ. ಆ ತಾಯಿ ಎರಡನೆಯ ಬಾರಿ ಬಂದಾಗ ಸಿಸ್ಟರ್ ಕೈಹಿಡಿದೇ ಕುಳಿತಿದ್ದರು. ವಾರಕ್ಕೆರಡರಂತೆ ಆರು ಡ್ರಿಪ್ ಮುಗಿಯುವ ಹೊತ್ತಿಗೆ ಅವರು ತಾವಾಗಿಯೇ ತಲೆ ಬಾಚಿಕೊಂಡು, ಹೂ ಮುಡಿದು ಬರುತ್ತಿದ್ದರು. ಮಾತ್ರೆಯೂ ಆಪ್ತಸಮಾಲೋಚನೆಯೂ ಮುಂದುವರಿದಿವೆ.

ಎಲ್ಲರಿಗೂ ಹೀಗಾಗುವುದಿಲ್ಲ. ಇಪ್ಪತ್ತಾರರ ಒಬ್ಬ ಯುವಕನಿಗೆ ನಾಲ್ಕು ಡ್ರಿಪ್ ಕಳೆದರೂ ಏನೂ ಬದಲಾಗಲಿಲ್ಲ; ಬದಲಿಗೆ ಕರುಳು ಕೊಳೆತುಹೋಗಿದೆ ಎಂಬ ಭ್ರಮೆ ಹತ್ತಿ ಊಟವನ್ನೇ ಬಿಟ್ಟ. ಅವನ ತಂದೆ 2023ರ ಅಮೆರಿಕದ ಅಧ್ಯಯನದ ಸುದ್ದಿಯನ್ನು ಮುಂದಿಟ್ಟು, ಇನ್ನೆರಡು ಹಾಕಿ ನೋಡಿ ಸಾರ್ ಎಂದು ಕೈಮುಗಿದರು. ಆ ಅಧ್ಯಯನದಲ್ಲಿ ಕೆಟಮೈನ್ ಪಡೆದವರ ಪೈಕಿ ಶೇ. 55.4ರಷ್ಟು, ಇಸಿಟಿ, ಅಂದರೆ ತಲೆಗೆ ಅಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ, ಪಡೆದವರ ಪೈಕಿ ಶೇ. 41.2ರಷ್ಟು ಮಂದಿ ಸುಧಾರಿಸಿದ್ದು ನಿಜ, ಆದರೆ ಅಲ್ಲಿ ಸೇರಿಸಿಕೊಂಡದ್ದು ಭ್ರಮೆಗಳಿಲ್ಲದ ಖಿನ್ನತೆಯವರನ್ನು ಮಾತ್ರ. ಒಬ್ಬನೇ ಇದ್ದಿದ್ದರೆ ಆ ತಂದೆಯ ಕಣ್ಣೆದುರು ನಾನು ಇನ್ನೊಂದು ಆಂಪ್ಯೂಲ್ ಒಡೆದುಬಿಡುತ್ತಿದ್ದೆನೋ ಏನೋ. ಮನೋವೈದ್ಯೆ, ಫಿಸಿಷಿಯನ್, ನಾನು ಮೂವರೂ ಅವರೊಡನೆ ಕುಳಿತು, ಕೆಟಮೈನ್ ನಿಲ್ಲಿಸುತ್ತೇವೆ, ಇಸಿಟಿ ಕೊಡುವುದೇ ಸರಿ ಎಂದು ವಿವರಿಸಿದೆವು. ಕರೆಂಟ್ ಕೊಡುವುದೆಂದರೆ ಅವರಿಗಿದ್ದ ಭಯ ಸಹಜವಾದದ್ದೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆಯೂ ಸ್ನಾಯು ಸಡಿಲಿಸುವ ಔಷಧವೂ ಇಲ್ಲದೆ ಇಸಿಟಿ ಕೊಡುವಂತಿಲ್ಲ ಎಂದು ತಿಳಿಸಿ, ಮಗ ಮಲಗುವ ಕೋಣೆಯನ್ನೂ ಯಂತ್ರವನ್ನೂ ತೋರಿಸಿದೆವು. ಮುಂದಿನ ಸೋಮವಾರ ಅದೇ ಕೋಣೆಯಲ್ಲಿ ಅವನಿಗೆ ಅರಿವಳಿಕೆ ಕೊಟ್ಟವನು ನಾನೇ. ಮೂರನೆಯ ಇಸಿಟಿಯ ಸಂಜೆ ಅವನು ತಂದೆಯ ಬಳಿ ಮೊಸರನ್ನ ಕೇಳಿದನಂತೆ.