ತಲೇಲಿ ಕಾಯಿಲ್ ಇದ್ರೆ ಎಂಆರ್‌ಐ ಮಾಡಿಸ್ಬೋದಾ?

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮಂಗೆ ಮೆದುಳಿನ ರಕ್ತನಾಳ ಬಲೂನ್ ಥರ ಉಬ್ಬಿತ್ತು, ಡಾಕ್ಟ್ರು ಅನ್ಯೂರಿಸಂ ಅಂತಾರಲ್ಲ ಅದೇ. ಆ ಉಬ್ಬಿನೊಳಗೆ ಕಾಯಿಲ್, ಅಂದ್ರೆ ಸಣ್ಣ ಲೋಹದ ಸುರುಳಿ, ಹಾಕ್ಸಿ ಆರು ತಿಂಗಳಿಗೆ ಚೆಕಪ್ ಅಂತ ಶಿವಮೊಗ್ಗದಲ್ಲಿ ಎಂಆರ್‌ಐ ಸ್ಕ್ಯಾನಿಂಗ್‌ಗೆ ಹೋದ್ರೆ, ಫಾರಂನಲ್ಲಿ 'ತಲೆಯಲ್ಲಿ ಲೋಹ ಇದೆಯೇ' ಅನ್ನೋದಕ್ಕೆ ಟಿಕ್ ಹಾಕಿದ್ದೇ ತಡ, ವಾಪಸ್ ಕಳ್ಸಿದ್ರು. ಅವರನ್ನ ಬೈದು ಪ್ರಯೋಜನ ಇಲ್ಲ, ಆ ಹೆದರಿಕೆ ಹಳೇದು.

1937ರಲ್ಲಿ ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿದ್ಮೇಲೆ ಐವತ್ತು ವರ್ಷ ಕ್ಲಿಪ್ಪಿಂದೇ ಕಾಲ. ಎಂಆರ್‌ಐ ಮಿಷನ್ ಅಂದ್ರೆ ದೊಡ್ಡ ಅಯಸ್ಕಾಂತ, ಹಳೇ ಕ್ಲಿಪ್ಪುಗಳಲ್ಲಿ ಕೆಲವನ್ನ ಅದು ಎಳೀತಿತ್ತು. ಎಂಆರ್‌ಐಲಿ ಅಂಥದ್ದೊಂದು ಸರಿದು ರೋಗಿ ತೀರ್ಕೊಂಡ ಕೇಸ್ 1993ರಲ್ಲಿ ವರದಿಯಾಯ್ತು.

ಕಾಯಿಲ್ ಕಥೆ ಬೇರೆ. ಇಟಲಿಯ ಡಾಕ್ಟ್ರು ಗುಗ್ಲಿಯೆಲ್ಮಿ 1990ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ್ದು: ತೊಡೆಸಂದಿಯಿಂದ ಸಣ್ಣ ಟ್ಯೂಬ್ ಬಿಟ್ಟು, ಕೂದಲಿನಂಥ ಪ್ಲಾಟಿನಂ ಸುರುಳಿ ಉಬ್ಬಿನೊಳಗೆ ತುಂಬೋದು. ಪ್ಲಾಟಿನಮ್ಮನ್ನ ಅಯಸ್ಕಾಂತ ಹಂಗೆಲ್ಲ ಎಳ್ಕೊಳಲ್ಲ. 2002ರ ಐಸ್ಯಾಟ್ ಅಧ್ಯಯನದಲ್ಲಿ 2143 ಜನರಲ್ಲಿ ಕ್ಲಿಪ್ಪಿಗಿಂತ ಕಾಯಿಲ್ ಹಾಕ್ಸಿದೋರು ವರ್ಷದ ನಂತರ ಚೆನ್ನಾಗಿದ್ರು ಅಂತ ಬಂದ್ಮೇಲೆ ಎಲ್ಲಾ ಕಡೆ ಹಬ್ತು.

ಆದ್ರೆ ನೋಡಿ ಮಾರಾಯ್ರೆ, ಅಡಿಕೆ ಮೂಟೆ ಗಾಡೀಲಿ ಕುಲುಕಿದ್ರೆ ಕೆಳಗೆ ಕೂತು ಮೇಲೆ ಜಾಗ ಆಗುತ್ತಲ್ಲ, ರಕ್ತದ ಬಡಿತಕ್ಕೆ ಕಾಯಿಲ್ಲೂ ಹಂಗೇ ಒತ್ಕೊಂಡು ಕೂರುತ್ತೆ, ಸುಮಾರು ಐದರಲ್ಲಿ ಒಂದು ಉಬ್ಬು ಸ್ವಲ್ಪನಾದ್ರೂ ಮತ್ತೆ ತೆರ್ಕೊಳುತ್ತೆ. ಅದಕ್ಕೇ ಚೆಕಪ್. ಸಿಟಿ ಸ್ಕ್ಯಾನ್‌ಲಿ ಪ್ಲಾಟಿನಂ ಸುತ್ತ ಗೆರೆ ಗೆರೆ ಬಂದು ಏನೂ ಕಾಣಲ್ಲ. ಆಂಜಿಯೋಗ್ರಾಂ ಚೆನ್ನಾಗಿ ತೋರ್ಸುತ್ತೆ, ಆದ್ರೆ ಮತ್ತೆ ಟ್ಯೂಬು, ಎಕ್ಸ್‌ರೇ, ಸಣ್ಣ ಪ್ರಮಾಣದಲ್ಲಾದ್ರೂ ಸ್ಟ್ರೋಕ್ ರಿಸ್ಕು, ನಮ್ಮೋರಿಗೆ ಮೇಲಿಂದ ಘಟ್ಟ ಇಳಿಯೋ ಕೆಲ್ಸ. ಎಂಆರ್‌ಐಲಿ ಟೈಮ್ ಆಫ್ ಫ್ಲೈಟ್ ಅಂತ ಒಂದು ವಿಧಾನ, ಡೈ ಇಂಜೆಕ್ಷನ್ನೂ ಬೇಡ: ಹರಿಯೋ ರಕ್ತ ಬೆಳ್ಳಗೆ, ಕಾಯಿಲ್ ಕಪ್ಪಗೆ ಕಾಣುತ್ತೆ, ಆ ಕಪ್ಪಿನ ಬುಡದಲ್ಲಿ ಬಿಳೀದು ಇಣುಕಿದ್ರೆ ರಕ್ತ ನುಗ್ತಿದೆ ಅಂತ. ಕಾಯಿಲ್ ಜೊತೆಗೆ ಸ್ಟೆಂಟ್ (ನಾಳದೊಳಗೆ ಇಡೋ ಜಾಲರಿ ಕೊಳವೆ) ಹಾಕಿದ್ರೆ ಮಾತ್ರ ನಾಳ ಮುಚ್ಚಿದೆಯೇನೋ ಅನ್ನೋ ಥರ ಮೋಸ ಮಾಡುತ್ತೆ, ಆಗ ಇಂಜೆಕ್ಷನ್ನೋ ಆಂಜಿಯೋಗ್ರಾಮೋ ಬೇಕಾಗುತ್ತೆ.

ಹಾಕಿದ್ದು ಯಾವ ಕಾಯಿಲ್ ಅಂತ ಒಂದು ಚೀಟಿ ರೋಗಿ ಕೈಗೆ ಕೊಟ್ಟಿದ್ರೆ ಇಷ್ಟು ಓಡಾಟ ಇರ್ತಿರ್ಲಿಲ್ಲ. ಎರಡನೇ ಸಲ ಡಿಸ್ಚಾರ್ಜ್ ಸಮ್ಮರಿ ಹುಡ್ಕಿ ತಗೊಂಡು ಹೋದ್ವಿ, ಡಾಕ್ಟ್ರು ಕಾಯಿಲ್ ಹೆಸ್ರು ನೋಡಿ ಒಪ್ಕೊಂಡ್ರು. ದೊಡ್ಡಮ್ಮ ಹೊರಗೆ ಬಂದು "ಅಡಿಕೆ ಸುಲಿಯೋ ಮಿಷನ್ ಒಳಗೇ ಮಲಗ್ಸಿದ್ರು ಕಣೋ" ಅಂದ್ರು. ಅಷ್ಟೊತ್ತಿಗೆ ಡಾಕ್ಟ್ರು ಹೋಲ್ಸಿ ನೋಡೋಕೆ ಹಳೇ ಸಿಡಿ ಕೇಳಿದ್ರು, ಅದು ಮನೆ ಅಟ್ಟದ ಮೇಲಿತ್ತು.