ಇಂಗ್ಲಿಷ್ ಕ್ರಿಯಾಪದಕ್ಕೆ ಬಾಲ ಇಲ್ಲ

ಮಡಿಕೇರಿಯಲ್ಲಿ ನಾನು ನಡೆಸುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಂಸ್ಟೇ ಹುಡುಗರು, ಎಸ್ಟೇಟ್ ರೈಟರ್‌ಗಳು (ತೋಟದ ಲೆಕ್ಕ ಬರೆಯುವವರು), ಡಿಗ್ರಿ ಓದುವ ಮಕ್ಕಳು ಬರುತ್ತಾರೆ. ಬಹಳ ಜನರ ನೋಟ್‌ಬುಕ್ಕಿನಲ್ಲಿ 12 ಟೆನ್ಸ್‌ಗಳ ಚಾರ್ಟ್ ಬರೆದಿರುತ್ತದೆ. ಸದ್ಯಕ್ಕೆ ಅದನ್ನು ಮುಚ್ಚಿಡಿ ಅನ್ನುತ್ತೇನೆ. ಅದನ್ನು ಬಾಯಿಪಾಠ ಮಾಡಿದವರೂ ‘ಡಿಡ್ ಯು ವೆಂಟ್’ ಅಂತಲೇ ಕೇಳುತ್ತಾರೆ.

ಕನ್ನಡದಲ್ಲಿ ‘ಬಂದಳು’ ಅಂದರೆ ಸಾಕು. ಬಂದದ್ದು ಹೆಂಗಸು, ಒಬ್ಬಳೇ, ಬಂದಾಗಿದೆ. ಎಲ್ಲವನ್ನೂ ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ. ಇಂಗ್ಲಿಷಿನ ‘ಕೇಮ್’ಗೆ ಆ ಬಾಲ ಇಲ್ಲ. ಐ ಕೇಮ್, ಶಿ ಕೇಮ್, ದೇ ಕೇಮ್. ಹಾಗಾಗಿ ಯಾರು ಅನ್ನೋದನ್ನು ಬೇರೆಯಾಗಿ ಹೇಳಲೇಬೇಕು. ಸುಮ್ನೆ ‘ಯೆಸ್ಟರ್‌ಡೇ ಕೇಮ್’ ಅಂದರೆ ಗೆಸ್ಟ್ ಮುಖ ಮುಖ ನೋಡುತ್ತಾರೆ. ಹಿಂದೆ ಇಂಗ್ಲಿಷಿಗೂ ಬಾಲ ಇತ್ತು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ‘ದೌ ಗೋಯೆಸ್ಟ್’, ‘ಹಿ ಗೋಯೆತ್’ ಎಂದೆಲ್ಲ ಸಿಗುತ್ತದೆ. ಈಗ ಉಳಿದಿರುವುದು ‘ಶಿ ಗೋಸ್’ನಲ್ಲಿರುವ ಆ ಒಂದು ‘ಎಸ್’ ಅಷ್ಟೇ.

ನಮ್ಮ ಜಿಲ್ಲೆಯ ಕ್ಲಾಸಿನಲ್ಲಿ ಒಂದು ಅನುಕೂಲ ಇದೆ. ಸಿದ್ದಾಪುರ, ಗೋಣಿಕೊಪ್ಪ ಕಡೆಯಿಂದ ಮನೆಯಲ್ಲಿ ಮಲಯಾಳಂ ಆಡುವವರೂ ಬರುತ್ತಾರೆ. ಅವರ ಭಾಷೆಯಲ್ಲಿ ‘ಪೋಯಿ’ ಅಂದರೆ ನಾನು ಹೋದರೂ ಅದೇ, ಅವಳು ಹೋದರೂ ಅದೇ. ಬಾಲ ಬಿಟ್ಟ ಕ್ರಿಯಾಪದ ಅವರಿಗೆ ಹೊಸದಲ್ಲ. ಅವರನ್ನೇ ಎಬ್ಬಿಸಿ ಉಳಿದವರಿಗೆ ಹೇಳಿಕೊಡಿ ಅನ್ನುತ್ತೇನೆ.

ಇನ್ನು ‘ಬಿ’ ಕ್ರಿಯಾಪದ. ‘ಇದು ನಮ್ಮ ತೋಟ’ ಎನ್ನುವ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಅಲ್ವಾ? ಅದಕ್ಕೇ ನಮ್ಮವರು ‘ದಿಸ್ ಅವರ್ ಎಸ್ಟೇಟ್’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಈಸ್’ ಬಿಡುವಂತಿಲ್ಲ. ಇದನ್ನು ತಿದ್ದಿದ ಮೇಲೆ ಹೆದರಿಕೊಂಡು ಎಲ್ಲ ಕಡೆ ಹಾಕತೊಡಗುತ್ತಾರೆ: ‘ಐ ಆಮ್ ಗೋ ಟು ಕುಶಾಲನಗರ್’. ದಿನಾ ಹೋಗುವುದಾದರೆ ‘ಐ ಗೋ’, ಈಗ ಹೋಗುತ್ತಾ ಇದ್ದರೆ ‘ಐ ಆಮ್ ಗೋಯಿಂಗ್’. ಎರಡನ್ನೂ ಬೆರೆಸಬಾರದು. ಬೇರೆ ಕ್ರಿಯಾಪದಗಳಿಗೆ ನಾಲ್ಕೈದು ರೂಪ ಇದ್ದರೆ ಜಾಸ್ತಿ. ಇದೊಂದಕ್ಕೆ ಮಾತ್ರ ಎಂಟು: ಬಿ, ಆಮ್, ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್. ಇಷ್ಟನ್ನು ಬಾಯಿಪಾಠ ಮಾಡಿದರೆ ತಪ್ಪಿಲ್ಲ.

ನನ್ನ ಹೆಚ್ಚು ಸಮಯ ಹೋಗುವುದು ‘ಡು, ಡಸ್, ಡಿಡ್’ ಮೇಲೆ. ‘ಐ ಡಿಡಂಟ್ ವೆಂಟ್’ ಯಾಕೆ ತಪ್ಪು ಅಂತ ಕೇಳುವವರಿಗೆ ನಾನು ಕನ್ನಡವನ್ನೇ ತೋರಿಸುತ್ತೇನೆ. ನಾನು ಹೋದೆ, ಅವಳು ಹೋದಳು, ಅವರು ಹೋದರು. ಈಗ ‘ಇಲ್ಲ’ ಸೇರಿಸಿ. ನಾನು ಹೋಗಲಿಲ್ಲ, ಅವಳು ಹೋಗಲಿಲ್ಲ, ಅವರು ಹೋಗಲಿಲ್ಲ. ಬಾಲ ಎಲ್ಲಿ ಹೋಯಿತು? ‘ಹೋದೆನಿಲ್ಲ’ ಅಂತ ಇವತ್ತು ಯಾರೂ ಮಾತಾಡುವುದಿಲ್ಲ. ‘ಡಿಡಂಟ್ ವೆಂಟ್’ ಕೂಡ ಇಂಗ್ಲಿಷಿನವರ ಕಿವಿಗೆ ಹಾಗೇ ಕೇಳಿಸುತ್ತದೆ. ಆಗಿಹೋದ ಕಾಲವನ್ನು ‘ಡಿಡ್’ ಹೇಳಿಯಾಯ್ತು, ಮುಂದಿನ ಕ್ರಿಯಾಪದ ಬರಿದಾಗಿ ನಿಂತರೆ ಸಾಕು: ‘ಐ ಡಿಡಂಟ್ ಗೋ’. ಪ್ರಶ್ನೆಗೂ ಇದೇ ಲೆಕ್ಕ. ‘ಡಿಡ್ ಯು ಸೀ ಅಬ್ಬಿ ಫಾಲ್ಸ್?’ ಅಂತ ಕೇಳಿ, ‘ಸಾ’ ಬೇಡ. ‘ಡಸ್’ ಬಂದರೂ ಅಷ್ಟೇ, ‘ಎಸ್’ ಅದಕ್ಕೇ ಅಂಟಿಕೊಂಡಿದೆ: ‘ಡಸ್ ಶಿ ಕುಕ್?’

ಕ್ರಿಯಾಪದಗಳ ಪಟ್ಟಿಗಾಗಿ ಪುಸ್ತಕ ಹುಡುಕಬೇಕಿಲ್ಲ. ತೋಟದ ಮಾತಿನಲ್ಲೇ ಬೇಕಾದಷ್ಟಿವೆ. ಪಲ್ಪ್ ಮಾಡು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸು), ಪ್ರೂನ್ ಮಾಡು (ಗಿಡದ ಕೊಂಬೆ ಕತ್ತರಿಸು), ಬುಕ್ ಮಾಡು, ಚೆಕ್ ಮಾಡು. ಇಂಗ್ಲಿಷಿಗೆ ಹೋಗುವಾಗ ಆ ‘ಮಾಡು’ವನ್ನು ಇಲ್ಲೇ ಬಿಟ್ಟುಹೋಗಿ. ‘ಐ ಡಿಡ್ ಬುಕಿಂಗ್’ ಅನ್ನುವ ಬದಲು ‘ಐ ಬುಕ್ಟ್ ಎ ರೂಮ್’ ಅನ್ನಿ. ಹೌದು, ‘ಬುಕ್ಟ್’. ಕೊನೆಯ ‘ಇಡಿ’ ಎಲ್ಲ ಕಡೆ ‘ಎಡ್’ ಆಗುವುದಿಲ್ಲ. ಪಿಕ್, ಪಲ್ಪ್ ತರದವು ‘ಪಿಕ್ಟ್’, ‘ಪಲ್ಪ್ಟ್’. ಡ್ರೈ, ಪ್ರೂನ್ ಆದರೆ ‘ಡ್ರೈಡ್’, ‘ಪ್ರೂನ್ಡ್’. ಟ ಅಥವಾ ಡ ದನಿಯಲ್ಲಿ ಮುಗಿಯುವ ಪ್ಲಾಂಟ್, ಲೋಡ್ ಅಂಥವಕ್ಕೆ ಮಾತ್ರ ಪೂರ್ತಿ ಉಚ್ಚಾರ: ‘ಪ್ಲಾಂಟೆಡ್’, ‘ಲೋಡೆಡ್’. ಕೊಯ್ಲಿನ ದಿನಗಳಲ್ಲಿ ಸಂಜೆ ಕಣದಿಂದ ಬಂದ ಮೇಲೆ ಅವತ್ತಿನ ಕೆಲಸವನ್ನು ಐದಾರು ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ. ಪ್ರತಿ ವಾಕ್ಯದಲ್ಲೂ ಯಾರು ಮಾಡಿದ್ದು ಅನ್ನೋದು ಇರಲಿ.